ದತ್ತೂರಿ ಬೀಜ, ನಮ್ಮನೆ ಒಗ್ಗರಣೆ

ಯುದ್ಧದ ಕಾಲ. ಬಾಗಲೂರು ಕಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದ ಹೊಸತು. ಸೀಮೆಎಣ್ಣೆ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಹರಳಿನ ಗಿಡ ಇದ್ದವರು ಹರಳೆಣ್ಣೆ ದೀಪ ಹಚ್ಚಿದರು. ನಮಗೆ ಅದೂ ಇರಲಿಲ್ಲ. ನಮ್ಮತ್ತೆ ದತ್ತೂರಿ ಬೀಜದಿಂದ ಎಣ್ಣೆ ತೆಗೆದರು.

ದತ್ತೂರಿ ಅಂದರೆ ಉಮ್ಮತ್ತಿಯಲ್ಲ, ಹಳದಿ ಹೂವಿನ ಮುಳ್ಳುಗಿಡ. ತಮಿಳರು ಬ್ರಹ್ಮದಂಡು ಅನ್ನುತ್ತಾರೆ. ಎಲ್ಲಿಂದಲೋ ಬಂದು ವಕ್ಕರಿಸಿದ ಪೀಡೆ, ಈ ಮಣ್ಣಿನದಲ್ಲ ಅಂತ ಮಾವ ಬಯ್ಯೋರು. ಎಲೆ ಮೇಲೆ ಸುಣ್ಣ ಎಳೆದ ಹಾಗೆ ಬಿಳಿ ಗೆರೆ, ಅಂಚೆಲ್ಲ ಮುಳ್ಳು. ಮುರಿದರೆ ಅರಿಶಿನದ ನೀರಿನಂಥ ಹಾಲು. ದನ ಮೂಸಿಯೂ ನೋಡಲ್ಲ. ಕಾಯಿ ಒಣಗಿ ತುದಿ ಬಿಚ್ಚಿಕೊಂಡರೆ ಒಳಗೆ ಕರಿ ಬೀಜ, ಥೇಟು ಸಾಸಿವೆ. ಬೆರಳಲ್ಲಿ ಉಜ್ಜಿದರೆ ಮಾತ್ರ ತರಿತರಿ ಗೊತ್ತಾಗುತ್ತದೆ.

ಬೇರೆಯವರು ಹೂ ಬಿಡೋ ಮೊದಲೇ ಕಿತ್ತು ಬಿಸಾಕೋರು. ಅತ್ತೆ ಬದುವಿನ ಮೇಲೆ ಹಾಗೇ ಬಿಟ್ಟರು. ಕಾಯಿ ಬಲಿತ ಮೇಲೆ ಮೊರಕ್ಕೆ ಬಡಿದು, ಬೀಜ ಹುರಿದು ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ಬಳಿದುಕೊಂಡರು. ದೀಪ ಬರೀ ಹೊಗೆ, ಆದರೂ ಉರಿಯಿತು. ಮೊರಕ್ಕೆ ಬಿದ್ದದ್ದು ಅರ್ಧ ಬೀಜ. ಮಿಕ್ಕದ್ದು ಮಳೆನೀರಲ್ಲಿ ಪಕ್ಕದವರ ರಾಗಿ ಹೊಲಕ್ಕೆ ಹೋಯಿತು.

ನಮ್ಮೂರಲ್ಲಿ ಕಳೆ ಕೀಳೋದು ಮುಯ್ಯಾಳಿನ ಮೇಲೆ. ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು. ಕೂಲಿ ಇಲ್ಲ, ಹೊಲದವರು ಮಧ್ಯಾಹ್ನ ಊಟ ಹಾಕಬೇಕು. ಆ ವರ್ಷ ಪಕ್ಕದ ಹೊಲದಲ್ಲಿ ಕೈ ಇಟ್ಟಲ್ಲೆಲ್ಲ ಮುಳ್ಳು. ಆ ಹೊಲದ ಯಜಮಾನಿ ಬೆರಳು ಚೀಪುತ್ತಾ ಎಲ್ಲರೆದುರು ಅಂದಳು:

“ಏನಕ್ಕಾ, ನಿಮ್ಮನೆ ದೀಪ ನಮ್ಮ ಹೊಲ್ದಾಗೂ ಉರೀತೈತಲ್ಲ!”

ಹೆಂಗಸರು ಕಿಸಕ್ಕೆಂದರು. “ಕಿತ್ತುಕೊಡ್ತಿಲ್ವೇನೇ?” ಅಂದರು ಅತ್ತೆ. ನಾನು ಬಗ್ಗಿ ಕಳೆ ಕೀಳುತ್ತಲೇ ಇದ್ದೆ.

ಮರುದಿನ ನಮ್ಮ ಸರದಿ. ಆ ಹೆಂಗಸರು ಬರದಿದ್ದರೆ ನಮ್ಮ ರಾಗಿ ಕಳೆಯಲ್ಲೇ ಮುಳುಗೀತು ಅಂತ ದಾರಿ ನೋಡಿದೆ. ಬಂದರು. ಕಳೆ ಕಿತ್ತರು. ಊಟದ ಹೊತ್ತಿಗೆ ನಾನು ಮುದ್ದೆ, ಹುರುಳಿ ಸಾರು ಹೊತ್ತು ಹೋದರೆ ಎಲ್ಲರೂ ಹೊಂಗೆ ನೆರಳಲ್ಲಿ ತಂತಮ್ಮ ಬುತ್ತಿ ಬಿಚ್ಚಿ ಕೂತಿದ್ದರು.

“ಏನ್ರೇ ಇದು, ನಮ್ಮನೇಲಿ ಸೂತಕವಾ?” ಅತ್ತೆ ಕೇಳಿದರು.

“ಬೇಜಾರು ಮಾಡ್ಕಬ್ಯಾಡ ಕಣಕ್ಕ,” ಅಂದಳು ಪಕ್ಕದ ಹೊಲದ ಯಜಮಾನಿ. “ದತ್ತೂರಿ ಬೀಜ ಹೊಟ್ಟೆಗೋದ್ರೆ ಕಾಲು ಊದ್ಕತೈತಂತೆ. ನಿಮ್ಮ ಒಗ್ಗರಣೇಲಿ ಇರೋದು ಸಾಸಿವೇನೋ ಅದೇನೋ, ಯಾರು ಕಂಡೋರು?”

ಅತ್ತೆ ಒಂದು ಸೌಟು ಸಾರು ತೆಗೆದು ಅಲ್ಲೇ ನಿಂತು ಕುಡಿದರು. “ನೋಡ್ಕಳ್ರೇ, ಸತ್ನಾ?”

ಯಾರೂ ಕೈ ಚಾಚಲಿಲ್ಲ. ನಾನು ಸಾರಿನ ಮಡಕೆ ಹೊತ್ತು ವಾಪಸ್ಸು ಬಂದೆ. ಊಟದ ಹೊತ್ತಲ್ಲಿ ಹೊಲದಿಂದ ತುಂಬಿದ ಮಡಕೆ ಮನೆಗೆ ಬಂದರೆ ಅದರ ಅರ್ಥ ಇಡೀ ಬೀದಿಗೆ ಗೊತ್ತು. ಆ ದಾರಿ ಹೇಗೆ ನಡೆದೆನೋ. ಬೆತ್ತಲೆ ಬಂದಿದ್ದರೂ ಅಷ್ಟು ಮಾನ ಹೋಗುತ್ತಿರಲಿಲ್ಲ.

ಎರಡನೇ ಸಲ ನಮ್ಮ ಹೊಲದ ಕಳೆ ಕೀಳೋ ದಿನ ಅತ್ತೆ ಒಲೆ ಮುಂದೆ ಬಂದು, “ಸಾಸಿವೆ ಹಾಕ್ಬ್ಯಾಡ” ಅಂದರು. ಅಷ್ಟೇ. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟೆ. ಯಜಮಾನಿ ಸಾರನ್ನು ಬೆರಳಲ್ಲಿ ಕಲಕಿ ನೋಡಿ ಮುದ್ದೆ ಮುರಿದಳು. ಆಮೇಲೆ ಎಲ್ಲರೂ ಉಂಡರು, ಇನ್ನಷ್ಟು ಸಾರು ಕೇಳಿದರು. ಬಡಿಸೋಕೆ ಅತ್ತೆ ಬರಲಿಲ್ಲ. ಬದುವಿನ ಹತ್ತಿರ ನಮಗೆ ಬೆನ್ನು ಮಾಡಿ, ಬರಿಗೈಯಲ್ಲಿ ದತ್ತೂರಿ ಕೀಳುತ್ತಿದ್ದರು.