ನಿಂದಪ್ಪ ‘ನಂದು’ ಅಂದದ್ದು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಟೆನಿಸ್ ಅಂಗಳದಲ್ಲಿ ಅವನನ್ನು ಬಲ್ಲವರೆಲ್ಲ ನಿಂದಪ್ಪ ಎಂದೇ ಕರೆಯುತ್ತಿದ್ದರು. ಡಬಲ್ಸ್ ಆಟದಲ್ಲಿ ಚೆಂಡು ಜೊತೆಗಾರರಿಬ್ಬರ ನಡುವೆ ಬಂದರೆ ಯಾರಾದರೊಬ್ಬರು ಬಾಯಿಬಿಡಬೇಕು. ಹೊಡೆಯುವವನು ‘ನಂದು’ ಎನ್ನಬೇಕು, ಬಿಟ್ಟುಕೊಡುವವನು ‘ನಿಂದು’ ಎನ್ನಬೇಕು. ಇವನ ಬಾಯಲ್ಲಿ ಎರಡನೆಯದೊಂದೇ ಇತ್ತು. ಮೂಗಿನ ಮುಂದೆ ಬಂದ ಚೆಂಡಿಗೂ ‘ನಿಂದು!’ ಎಂದು ಕೂಗಿ ಪಕ್ಕಕ್ಕೆ ಸರಿಯುತ್ತಿದ್ದ. ಸರ್ವ್ ಚೆನ್ನಾಗಿತ್ತು, ರಿಟರ್ನ್ ಅದಕ್ಕಿಂತ ಚೆನ್ನಾಗಿತ್ತು, ನಡುವಿನ ಚೆಂಡು ಮಾತ್ರ ಅವನ ಪಾಲಿಗೆ ಪರರ ಸ್ವತ್ತು.

ಜೊತೆಗೆ ಆಡುವವನು ಅವನ ಭಾಮೈದ. ಮೊದಲು ಇಬ್ಬರೂ ಗೆಳೆಯರು, ಹೋಗೋ ಬಾರೋ ಎನ್ನುವ ಸಲಿಗೆ. ಗೆಳೆಯನ ಅಕ್ಕನನ್ನೇ ನಿಂದಪ್ಪ ಮದುವೆಯಾದ ಮೇಲೆ ಅತ್ತೆ ತಮ್ಮ ಮಗನಿಗೆ ತಾಕೀತು ಮಾಡಿದರು: “ಇನ್ನು ಮೇಲೆ ಅವರು ನಿನ್ನ ಭಾವ. ನೀವು ತಾವು ಅಂತ ಮಾತಾಡ್ಸು.” ಮಗ ಒಪ್ಪಿದ. ಆದರೆ ಆಟದ ನಡುವೆ ‘ನಿಮ್ಮದು ಭಾವ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಹಿಂದಿನ ಗೋಡೆ ಮುಟ್ಟಿರುತ್ತಿತ್ತು. ಕೊನೆಗೆ ಅಂಗಳದೊಳಗೆ ಏಕವಚನ, ಹೊರಗೆ ಬಹುವಚನ ಎಂದು ರಾಜಿಯಾಯಿತು. ಒಮ್ಮೆ ಆಟ ನೋಡಲು ಬಂದ ಅತ್ತೆ, ಮಗ ಅಳಿಯನಿಗೆ ‘ಹೊಡಿಯೋ!’ ಎಂದು ಕಿರುಚಿದ್ದನ್ನು ಕೇಳಿ ಕಿವಿ ಮುಚ್ಚಿಕೊಂಡರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಬ್ಬರೂ ಮಹಾ ಆಟಗಾರರೇನಲ್ಲ. ವೃತ್ತಿಪರ ಟೂರ್ನಿಗಳಲ್ಲೇ ಸಣ್ಣವೆನಿಸಿದ್ದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಸಿಂಗಲ್ಸ್ ಮುಗಿದು ಜನ ಎದ್ದುಹೋದ ಮೇಲೆ ಇವರ ಆಟ. ಅಗ್ಗದ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ, ಕಿಟಕಿಯ ಸರಳಿಗೆ ನೇತುಹಾಕಿದ ಒದ್ದೆ ಕಾಲುಚೀಲ, ಮಂಚದ ತುಂಬ ರ‍್ಯಾಕೆಟ್ ಹಿಡಿಗೆ ಸುತ್ತುವ ಪಟ್ಟಿಗಳು. ಊರಿನಲ್ಲಿದ್ದಾಗ ನಿಂದಪ್ಪ ಕ್ಲಬ್ಬೊಂದರಲ್ಲಿ ನಿವೃತ್ತರಿಗೆ ಆಟ ಕಲಿಸುತ್ತಿದ್ದ. ಹೆಂಡತಿ ಕನ್ನಡಕದ ಅಂಗಡಿ ನಡೆಸುತ್ತಿದ್ದಳು.

ಮನೆಯಲ್ಲೂ ಅವನದು ಅದೇ ರಾಗ. ಗೋಡೆಗೆ ಯಾವ ಬಣ್ಣ ಎಂದರೆ ‘ನಿನ್ನಿಷ್ಟ’. ರಜೆಯಲ್ಲಿ ಎಲ್ಲಿಗೆ ಹೋಗೋಣ ಎಂದರೆ ‘ನಿನ್ನಿಷ್ಟ’. ತನ್ನದು ದೊಡ್ಡ ಮನಸ್ಸು ಎಂದು ಅವನು ನಂಬಿದ್ದ, ಬಂಧುಬಳಗವೂ ನಂಬಿತ್ತು. ಹೆಂಡತಿ ಒಬ್ಬಳೇ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

“ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನೀವೇ ಆರಿಸಿ ಅದು ಕೆಟ್ಟರೆ ಬೈಸ್ಕೋಬೇಕಲ್ಲ, ಆ ಭಯ. ಈಗ ನೋಡಿ, ಈ ನೀಲಿ ಗೋಡೆ ಕಣ್ಣಿಗೆ ರಾಚುತ್ತೆ ಅಂತ ಬಂದೋರೆಲ್ಲ ಅಂತಾರೆ. ತಪ್ಪು ಯಾರದು? ನಂದು!”

ಅವನು ನಕ್ಕು ಜಾರಿಕೊಂಡಿದ್ದ.

ಆ ಸಲದ ಟೂರ್ನಿಯಲ್ಲಿ ಅದೃಷ್ಟ ಕೈಹಿಡಿದು ಇಬ್ಬರೂ ಸೆಮಿಫೈನಲ್ ತಲುಪಿದರು. ಆಟದ ದಿನ ಬೆಳಿಗ್ಗೆ ಹೋಟೆಲಿನ ತಿಂಡಿ ಮೇಜಿನಲ್ಲಿ ಭಾಮೈದ ಗಂಟಲು ಸರಿಮಾಡಿಕೊಂಡ. “ಭಾವ, ತಾವು ಒಂದ್ನಿಮಿಷ ಕೂತ್ಕೋತೀರಾ?”

‘ತಾವು’ ಎಂದು ಕಿವಿಗೆ ಬಿದ್ದಾಗಲೇ ನಿಂದಪ್ಪ ಚಹಾ ಲೋಟ ಕೆಳಗಿಟ್ಟು ಕೂತ. ಭಾಮೈದ ಅಷ್ಟು ಮರ್ಯಾದೆ ಕೊಡುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ.

“ಆ ಎಡಗೈ ಆಟಗಾರ ಇದಾನಲ್ಲ, ಉದ್ದನೆಯವನು, ಮುಂದಿನ ತಿಂಗಳಿಂದ ಜೊತೆಗೆ ಆಡ್ತೀಯಾ ಅಂತ ಕೇಳಿದಾನೆ. ರಾತ್ರಿಯೊಳಗೆ ಹೇಳ್ಬೇಕು.”

“ನೀನೇನಂದೆ?”

“ಇನ್ನೂ ಏನೂ ಅಂದಿಲ್ಲ. ಆದ್ರೆ ನಂಗೂ ಸಾಕಾಗಿದೆ ಭಾವ. ನಡುವಿನ ಚೆಂಡು ಹೊಡೆದ್ರೆ ಚಪ್ಪಾಳೆ ಇಬ್ರಿಗೂ, ತಪ್ಪಿದ್ರೆ ತಲೆ ತಗ್ಗಿಸೋನು ನಾನೊಬ್ನೇ. ಹೇಳಿ, ಏನ್ಮಾಡ್ಲಿ?”

“ನಿನ್ನಿಷ್ಟ,” ಎಂದ ನಿಂದಪ್ಪ.

ಭಾಮೈದ ತಟ್ಟೆ ಸರಿಸಿ ಎದ್ದುಹೋದ. ನಿಂದಪ್ಪ ನಾಲಗೆ ಕಚ್ಚಿಕೊಂಡ. ಹೋಗಬೇಡ ಕಣೋ ಎನ್ನಬೇಕೆಂದಿದ್ದ. ಹೋಗಬೇಡ ಎಂದ ಮೇಲೂ ಅವನು ಹೋಗಿಬಿಟ್ಟರೆ? ಹೆಂಡತಿ ಹೇಳುತ್ತಿದ್ದ ಭಯ ಇದೇ ಎಂದು, ಚಹಾ ತಣ್ಣಗಾಗುವವರೆಗೆ ಕೂತವನಿಗೆ ಹೊಳೆಯಿತು. ಅವನಿಗೆ ನಿಜಕ್ಕೂ ಅಳು ಬಂತು.

ಸಂಜೆ ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಮೊದಲ ಸೆಟ್ ಇವರದು, ಎರಡನೆಯದು ಎದುರಾಳಿಗಳದು. ಮೂರನೆಯ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಅದೂ ಜಗ್ಗಾಡಿ ಜಗ್ಗಾಡಿ ಎದುರಾಳಿಗಳು ಒಂಬತ್ತಕ್ಕೆ ಮುಟ್ಟಿದರು, ಇವರು ಎಂಟರಲ್ಲಿ ನಿಂತರು. ಇನ್ನೊಂದು ಹೋದರೆ ಆಟವೂ ಹೋಯಿತು, ಬಹುಶಃ ಭಾಮೈದನೂ ಹೋದ.

ಎದುರಾಳಿ ಚೆಂಡನ್ನು ಮೇಲಕ್ಕೆತ್ತಿ ಹೊಡೆದ. ಅದು ಆಕಾಶಕ್ಕೇರಿ, ಇಬ್ಬರ ಸರಿಮಧ್ಯಕ್ಕೆ ಇಳಿಯತೊಡಗಿತು. ನಿಂದಪ್ಪ ತಲೆಯೆತ್ತಿ ನೋಡಿದ. ನಾಲಗೆಯ ತುದಿಗೆ ಹಳೆಯ ಮಾತು ಬಂತು. ಅದನ್ನು ನುಂಗಿಕೊಂಡ.

“ನಂದು!” ಎಂದು ಗಂಟಲು ಹರಿಯುವಂತೆ ಕೂಗಿದ.

ಭಾಮೈದನಾದರೂ ಏನು ಮಾಡಿಯಾನು? ಭಾವ ಎಂದಿನಂತೆ ಸರಿಯುತ್ತಾರೆ ಎಂದುಕೊಂಡು ಅವನೂ ಅದೇ ಗಳಿಗೆಯಲ್ಲಿ “ನಂದು!” ಎಂದು ನುಗ್ಗಿದ್ದ. ರ‍್ಯಾಕೆಟ್ಟಿಗೆ ರ‍್ಯಾಕೆಟ್ ಬಡಿದು ಒಂದರ ಕತ್ತು ಮುರಿಯಿತು. ಇಬ್ಬರೂ ದೊಪ್ಪೆಂದು ಬಿದ್ದರು. ಚೆಂಡು ಅವರ ಪಕ್ಕದಲ್ಲೇ ಪುಟಿದು ಉರುಳಿಹೋಯಿತು. ಆಟ ಮುಗಿಯಿತು.

ಭಾಮೈದ ಬಿದ್ದಲ್ಲಿಂದಲೇ ಕಣ್ಣು ಪಿಳಿಪಿಳಿ ಬಿಟ್ಟ. “ಈಗ ಏನಂದೆ ನೀನು?”

ನಿಂದಪ್ಪ ಎದುರಾಳಿಗಳ ಕೈಕುಲುಕಿ, ಚೀಲ ಹೆಗಲಿಗೇರಿಸಿ, ಬಟ್ಟೆ ಬದಲಿಸುವ ಕೋಣೆಗೆ ಬಂದು ಕೂತ ಮೇಲೆ, ಕಾಲಿನ ಬೂಟು ನೋಡುತ್ತ ಹೇಳಿದ:

“ಹೋಗ್ಬೇಡ ಕಣೋ. ನಂಗೆ ನೀನೇ ಬೇಕು. ಬೆಳಿಗ್ಗೆನೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ.”

ಭಾಮೈದ ಮುರಿದ ರ‍್ಯಾಕೆಟ್ಟನ್ನು ಅತ್ತಿತ್ತ ತಿರುಗಿಸಿದ. ಮುರಿದದ್ದು ಅವನದೇ. ಮೂಗು ಒರೆಸಿಕೊಂಡು, “ಆ ಉದ್ದನೆಯವನಿಗೆ ಬರಲ್ಲ ಅಂತ ಹೇಳ್ತೀನಿ,” ಎಂದ. “ಆದ್ರೆ ಇನ್ನೊಂದ್ಸಲ ನಂದು ಅನ್ನೋವಾಗ ಸ್ವಲ್ಪ ಮೊದ್ಲೇ ಅನ್ನೋ ಮಾರಾಯ!”

ಅಂಗಳದ ಹೊರಗೆ ಏಕವಚನ. ಅತ್ತೆ ಕೇಳಿದ್ದರೆ ರಾದ್ಧಾಂತವಾಗುತ್ತಿತ್ತು. ನಿಂದಪ್ಪನಿಗೆ ಹೊಟ್ಟೆ ತುಂಬ ಉಂಡಷ್ಟು ಹಿತವಾಯಿತು.

ಅಷ್ಟರಲ್ಲಿ ಫೋನ್ ಬಂತು. ಅಂಗಡಿಯಲ್ಲಿ ಕೂತೇ ಮೊಬೈಲಿನಲ್ಲಿ ಆಟ ನೋಡಿದ್ದ ಹೆಂಡತಿ. ಇಬ್ಬರಿಗೂ ಕೇಳಲೆಂದು ನಿಂದಪ್ಪ ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟ.

“ಕೈಕಾಲು ನೆಟ್ಟಗಿದೆ ತಾನೇ ಇಬ್ರಿಗೂ? ಒಂದು ಚೆಂಡಿಗೆ ಇಬ್ರೂ ಹೋಗಿ ಬೀಳೋದಾ! ಹೇಳಿ, ತಪ್ಪು ಯಾರದು?”

“ನಂದು!” ಎಂದರು ಇಬ್ಬರೂ ಒಟ್ಟಿಗೆ.

ಪುಣ್ಯಕ್ಕೆ ಈ ಸಲ ಕೈಯಲ್ಲಿ ರ‍್ಯಾಕೆಟ್ ಇರಲಿಲ್ಲ.