ಪರದೆಯ ಮೇಲಿಟ್ಟ ಗೇಣು

ಉಮದಿಯ ದಸ್ತಗೀರಸಾಬರ ವರ್ಕ್‌ಶಾಪಿನಲ್ಲಿ ಬಿತ್ತುವ ಕೂರಿಗೆಗಳ ನಕ್ಷೆ ಬರೆಯುವವನು ನಾನು. ಹಲ್ಲುಗಳ ನಡುವಿನ ಅಂತರ ಚೂರು ಬದಲಾದರೂ ಹೊಸ ನಕ್ಷೆ ಬೇಕು. ಅದೂ ಕೂರಿಗೆಯಷ್ಟೇ ದೊಡ್ಡದು, ಯಾಕಂದರೆ ಕಬ್ಬಿಣವನ್ನು ಅದರ ಮೇಲಿಟ್ಟೇ ಅಳತೆ ನೋಡುತ್ತಾರೆ. ನೆಲಕ್ಕೆ ಬಾಗಿ ಬಾಗಿ ನನ್ನ ಬೆನ್ನು ಬಿದ್ದುಹೋಗಿತ್ತು. ಸಾಬರನ್ನು ಕಾಡಿ ಬೇಡಿ, ಸಾಂಗ್ಲಿಯಿಂದ ಸಾಫ್ಟ್‌ವೇರ್ ಮಾರುವವನನ್ನು ಕರೆಸಿದೆ. ಅವನು ಕಂಪ್ಯೂಟರಿನಲ್ಲಿ ನಕ್ಷೆಗೆ ಜೋಡಿಸಿದ್ದ ಎಕ್ಸೆಲ್ ಪಟ್ಟಿಯ ಒಂದು ಅಂಕಿ ತಿದ್ದಿದ. ಪರದೆಯ ಮೇಲಿನ ಇಡೀ ನಕ್ಷೆ ತಾನೇ ಬದಲಾಯಿತು. ಖುಷಿಗೆ ನನಗೆ ಅಳು ಬರುವುದೊಂದು ಬಾಕಿ.

ಸಾಬರು ಎದ್ದು ಪರದೆಯ ಮೇಲೆ ಗೇಣಿಟ್ಟರು. "ಸಣ್ಣದಾತಲ್ರಿ."

ಅವನು ಚಿತ್ರ ಹಿಗ್ಗಿಸಿದ. ಮತ್ತೆ ಗೇಣು. "ಈಗ ಭಾಳ ದೊಡ್ಡದಾತು!"

"ಸಾಬ್ರ, ಅಳತಿ ಅದ ಐತ್ರಿ, ಕಾಣೂದಷ್ಟ ಬ್ಯಾರೆ" ಎಂದೆ. ಕೇಳಲಿಲ್ಲ. ಅವನಿಗೆ ಚಹಾ ಕುಡಿಸಿ ಕಳಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ, ನೀವು ಬರದದ್ದು ಹಿಗ್ಗಂಗಿಲ್ಲ, ಕುಗ್ಗಂಗಿಲ್ಲ. ಇರೂತನಕ ನೀವ ಬರೀರಿ."

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.