ನಾಲ್ಕು ಚೀಲ ಗರಸು

ಮದುವೆಗೆ ಮೊದಲಿನಿಂದಲೂ ನಾನು ಲಾರಿ ಡ್ರೈವರ್. ನರಗುಂದದಿಂದ ಹತ್ತಿ ಹೇರಿಕೊಂಡು ಹೊರಟರೆ ವಾರಗಟ್ಟಲೆ ಮನೆಯ ಮುಖ ಕಾಣುತ್ತಿರಲಿಲ್ಲ. ಗಜೇಂದ್ರಗಡದ ಮನೆಯಲ್ಲಿ ಹೆಂಡತಿ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಅವಳಿಗೆ ನೂಲು ಸುತ್ತಿಕೊಡುತ್ತಿದ್ದ ಅವಳ ಅವ್ವ ತೀರಿಕೊಂಡ ಮೇಲೆ, "ಸ್ಟೇರಿಂಗ್ ಹಿಡದದ್ದು ಸಾಕ್ರಿ, ಮನ್ಯಾಗ ಇರ್ರಿ," ಎಂದಳು. ಇದ್ದುಬಿಟ್ಟೆ. ನೂಲು ಸುತ್ತುವುದು ಕಲಿತೆ, ಆಮೇಲೆ ನೇಯುವುದನ್ನೂ ಕಲಿತೆ. ನನ್ನ ಸೀರೆಯ ಅಂಚು ಮಾತ್ರ ಎಂದೂ ನೆಟ್ಟಗೆ ಬರಲಿಲ್ಲ. ಅವಳು ನಕ್ಕು, ಬಿಚ್ಚಿ, ಮತ್ತೆ ನೇಯುತ್ತಿದ್ದಳು. ನನ್ನ ಬಾಳಿನ ಒಳ್ಳೆಯ ವರ್ಷಗಳು ಯಾವುವು ಎಂದು ಕೇಳಿದರೆ ಅವೇ.

ಹೋದ ವರ್ಷ ನೂಲು ಕೊಡುವ ಸಾಹುಕಾರರು ಕೈ ಎತ್ತಿಬಿಟ್ಟರು. ಕೈಮಗ್ಗದ ಸೀರೆಯನ್ನು ಈಗ ಯಾರೂ ಕೇಳುವುದಿಲ್ಲವಂತೆ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಉಳಿದದ್ದು ಕುಣಿ, ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂರಲು ನಡುಮನೆಯ ನೆಲದಲ್ಲಿ ತೋಡಿದ ಗುಂಡಿ. ನಾನು ಮತ್ತೆ ಡ್ರೈವರ್ ಆದೆ.

ಈ ಸಲ ಟಿಪ್ಪರ್. ಗುಡ್ಡದ ಬುಡದಲ್ಲಿ ಗರಸು ಮಣ್ಣು ತುಂಬಿಸಿಕೊಂಡು, ಸೂಡಿ ದಾಟಿ, ರೋಣದ ಕಡೆಯ ರಸ್ತೆ ಕೆಲಸಕ್ಕೆ ಸುರಿದು ಬರುವುದು. ಮೊದಲ ದಿನ ಚಪ್ಪಲಿ ಕಳಚಿಟ್ಟು ಹತ್ತಿದೆ. ಬರಿಗಾಲಲ್ಲಿ ಮಗ್ಗ ತುಳಿದು ರೂಢಿಯಾದ ಕಾಲು ಕ್ಲಚ್ಚನ್ನೂ ಹಾಗೇ ಮೆಲ್ಲಗೆ ತುಳಿಯಿತು, ಗೇರು ಕಿರ್ರೆಂದಿತು. ಪಕ್ಕದಲ್ಲಿ ಕೂತಿದ್ದ ಮಾಲೀಕ, ನನ್ನ ಅರ್ಧ ವಯಸ್ಸಿನವನು, "ಏನ್ರಿ ಕಾಕಾ, ಗಾಡಿ ಹೊಡಿತೀರೋ, ಸೀರಿ ನೇಯ್ತೀರೋ?" ಎಂದ. ನಕ್ಕೆ.

ಮನೆಯಲ್ಲಿ ಹೆಂಡತಿಯದು ಬೇರೆ ರಾಗ. "ಯಾರರ ಕಾಲ್ ಜಾರಿ ಬಿದ್ದಗಿದ್ದಾರು. ಬರೂಮುಂದ ನಾಕ್ ಚೀಲ ಗರಸ ತರ್ರಿ, ಕುಣಿ ಮುಚ್ಚಿಬಿಡೂಣು."

ದಿನಾ ಹೇಳುವಳು, ದಿನಾ ನಾನು ಮರೆತೆ ಎನ್ನುವೆ. ಊರಿನ ಹೊಂಡಗಳೆಲ್ಲ ಮುಚ್ಚುವಷ್ಟು ಮಣ್ಣು ಬೆನ್ನ ಹಿಂದೆ ಹೊತ್ತು ತಿರುಗುವವನು ಮರೆತೆ ಅಂದರೆ ಯಾರು ನಂಬುತ್ತಾರೆ? "ನಿಮ್ಮ ತಲ್ಯಾಗೂ ಗರಸನ ತುಂಬೇತೇನ್ರಿ?" ಎಂದು ಬೈದಳು. ಖರೇ ಹೇಳಬೇಕೆಂದರೆ ನನಗೆ ಹೆದರಿಕೆ. ಆ ಕುಣಿ ಇರುವವರೆಗೆ ಮಗ್ಗ ಎಂದಾದರೂ ಅಟ್ಟದಿಂದ ಇಳಿದೀತು, ಅವಳ ಕೈಗೆ ಮತ್ತೆ ನೂಲು ಬಂದೀತು. ಮುಚ್ಚಿದರೆ ಮುಗಿಯಿತು. ನಾನು ಸಾಯುವವರೆಗೆ ಡ್ರೈವರ್, ಅವಳು ಬಾಗಿಲು ಕಾಯುವವಳು.

ಕೊನೆಗೆ ಮೊನ್ನೆ ಬೈಸಿಕೊಂಡು ಬೇಸತ್ತು ನಾಲ್ಕು ಚೀಲ ತುಂಬಿಸಿ ತಂದೆ. ಇನ್ನೂ ಬಿಸಿಲಿತ್ತು. ಅವಳು ಕುಣಿಯೊಳಗೆ ಕಾಲು ಇಳಿಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ, ಜೋಳ ಹಸನು ಮಾಡುತ್ತ ಕೂತಿದ್ದಳು. ಕೆಳಗೆ ತುಳಿಯಲು ಏನೂ ಇರಲಿಲ್ಲ. ಆದರೂ ಅವಳ ಕಾಲುಗಳು ಒಂದಾದ ಮೇಲೊಂದು ತುಳಿಯುತ್ತಲೇ ಇದ್ದವು.

ಚೀಲ ಇಳಿಸಿದ ಸದ್ದಿಗೆ ತಿರುಗಿ ನೋಡಿದಳು. ಕಾಲುಗಳು ನಿಂತವು.

"ತಂದ್ರಿ?"

"ತಂದೆ. ಏಳು, ಹಾಕಿಬಿಡ್ತೀನಿ."

ಏಳಲಿಲ್ಲ. ಮೊರವನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. "ಇವತ್ತ ಅಮಾಸಿ ಐತ್ರಿ. ಮುಂದ ನೋಡೂಣು," ಎಂದಳು.

ಅಮಾವಾಸ್ಯೆಯ ಪೂಜೆಗೆಂದು ಟಿಪ್ಪರಿನ ಮುಂದೆ ನಾನು ಕಾಯಿ ಒಡೆದು ಇನ್ನೂ ವಾರವಾಗಿರಲಿಲ್ಲ. ಆ ಕಾಯಿಯ ಚಟ್ನಿ ಅರೆದವಳೂ ಅವಳೇ.

"ಹೌದಲ್ಲ, ಮರ್ತಿದ್ದೆ," ಎಂದು ಚೀಲಗಳನ್ನು ಗೋಡೆಗೆ ಒರಗಿಸಿಟ್ಟೆ.